‘ಹೌದು’ ಎನ್ನಲು ಲ್ಯಾಟಿನ್ನಿನಲ್ಲಿ ಪದವೇ ಇರಲಿಲ್ಲ

ಪ್ರಶ್ನೆ: ಕೆಲವು ತಿಂಗಳಿಂದ ಫ್ರೆಂಚ್ ಕಲಿಯುತ್ತಿದ್ದೇನೆ. ಸ್ವಲ್ಪ ಇಟಾಲಿಯನ್ ಮೊದಲೇ ಬರುತ್ತಿತ್ತು. ಲ್ಯಾಟಿನ್ನಿನಿಂದ ಹುಟ್ಟಿದ ಈ ಭಾಷೆಗಳಲ್ಲಿ ಎರಡು, ಮೂರು, ತಾಯಿ ಎಂಬಂಥ ಪದಗಳು ಒಂದೇ ಅಚ್ಚಿನಲ್ಲಿವೆ. ಆದರೆ ಎಲ್ಲಕ್ಕಿಂತ ಹೆಚ್ಚು ಸಲ ಬಾಯಿಗೆ ಬರುವ ‘ಹೌದು’ ಮಾತ್ರ ಇಟಲಿಯಲ್ಲಿ ‘ಸೀ’, ಫ್ರಾನ್ಸಿನಲ್ಲಿ ‘ವೀ’, ರೊಮೇನಿಯಾದಲ್ಲಿ ‘ದಾ’. ಇದು ಹೇಗೆ? ಫ್ರೆಂಚರೂ ಆಗಾಗ ‘ಸೀ’ ಎನ್ನುತ್ತಾರಲ್ಲ, ಅದು ಇಟಾಲಿಯನ್ನಿನಿಂದ ಬಂದದ್ದೇ? ಗ್ರೀಕಿನಲ್ಲಿ ಹೌದು ಎನ್ನಲು ‘ನೆ’ ಎನ್ನುತ್ತಾರಂತೆ. ನಮ್ಮ ಸಂಸ್ಕೃತದ ‘ನ’ಕಾರವೇ ಅಲ್ಲಿ ಅರ್ಥ ತಲೆಕೆಳಗಾಗಿ ಕುಳಿತಿದೆಯೇ?

ಉತ್ತರ: ಮೊದಲ ಪ್ರಶ್ನೆಗೆ ಒಂದೇ ಸಾಲಿನ ಉತ್ತರವಿದೆ. ಲ್ಯಾಟಿನ್ನಿನಲ್ಲಿ ‘ಹೌದು’ ಎಂಬ ಪದವೇ ಇರಲಿಲ್ಲ. ತವರಿನಿಂದ ಬಾರದ ಒಡವೆಯನ್ನು ಹೆಣ್ಣುಮಕ್ಕಳು ತಂತಮ್ಮ ಮನೆಗಳಲ್ಲಿ, ಕೈಗೆ ಸಿಕ್ಕ ಚಿನ್ನದಲ್ಲಿ, ತಮಗೆ ತೋಚಿದ ಮಾದರಿಯಲ್ಲಿ ಮಾಡಿಸಿಕೊಂಡರು. ಒಬ್ಬಳು ಮಾತ್ರ ನೆರೆಮನೆಯಿಂದ ಎರವಲು ತಂದಳು. ಉಳಿದದ್ದೆಲ್ಲ ಈ ಮಾತಿನ ವಿವರಣೆ. ಆದರೆ ವಿವರಣೆಯಲ್ಲೇ ಸ್ವಾರಸ್ಯ ಇರುವುದರಿಂದ ಸ್ವಲ್ಪ ದೂರ ಸುತ್ತಿ ಬರುತ್ತೇನೆ.

ಒಂದು ಸಾಮ್ರಾಜ್ಯವನ್ನೇ ಆಳಿದ ಭಾಷೆಯಲ್ಲಿ ಹೌದು ಎನ್ನಲು ಪದವಿಲ್ಲ ಎಂದರೆ ಇಂಗ್ಲಿಷಿನವರಿಗೆ ಅಚ್ಚರಿಯಾದೀತು, ಕನ್ನಡಿಗರಿಗೆ ಆಗಬೇಕಿಲ್ಲ. ‘ಬರುತ್ತೀಯಾ?’ ಎಂದು ಯಾರಾದರೂ ಕೇಳಿದರೆ ನಾವು ‘ಬರುತ್ತೇನೆ’ ಎನ್ನುತ್ತೇವೆಯೇ ಹೊರತು ಬರಿಯ ‘ಹೌದು’ ಎನ್ನುವುದು ಅಪರೂಪ. ಊಟವಾಯಿತೇ ಎಂದರೆ ಆಯಿತು, ಮನೆಯಲ್ಲಿದ್ದಾರೆಯೇ ಎಂದರೆ ಇದ್ದಾರೆ. ಕೇಳಿದ ಕ್ರಿಯಾಪದವನ್ನೇ ಎತ್ತಿಕೊಂಡು ಮರಳಿ ಕೊಡುತ್ತೇವೆ. ರೋಮನ್ನರೂ ಹೀಗೆಯೇ ಮಾಡುತ್ತಿದ್ದರು. ‘ವೆನೀಸ್ನೆ?’ (ಬರುತ್ತೀಯಾ?) ಎಂಬುದಕ್ಕೆ ‘ವೆನಿಯೋ’ (ಬರುತ್ತೇನೆ) ಎಂಬುದೇ ಉತ್ತರ. ಅಲ್ಲಿ ಕೊನೆಗೆ ಅಂಟಿರುವ ‘ನೆ’ ನಿಷೇಧವಲ್ಲ, ನಮ್ಮ ‘ಬಂದನೇ’ ಎಂಬಲ್ಲಿಯ ಏಕಾರದಂತೆ ಪ್ರಶ್ನೆಯ ಗುರುತು. ಕ್ರಿಯಾಪದ ಬೇಡವೆನಿಸಿದಾಗ ‘ಇತಾ’ (ಹಾಗೆ), ‘ಸೀಕ್’ (ಹೀಗೆ), ‘ಸಾನೆ’ (ಖಂಡಿತ), ‘ಕೆರ್ತೆ’ (ನಿಶ್ಚಯ) ಮುಂತಾದ ಹತ್ತಾರು ಮಾತುಗಳು ಇದ್ದವು. ಯಾವುದೊಂದೂ ಗದ್ದುಗೆ ಏರಿರಲಿಲ್ಲ. ಅವರ ಹಾಸ್ಯನಾಟಕಗಳ ಸಂಭಾಷಣೆಯಲ್ಲಿ ಇದು ಧಾರಾಳವಾಗಿ ಕಾಣಸಿಗುತ್ತದೆ.

ಇದನ್ನು ಪರೀಕ್ಷಿಸಿ ನೋಡಲು ನನಗೆ ಇಷ್ಟವಾದ ಒಂದು ದಾರಿಯಿದೆ. ಬೈಬಲಿನ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ 37ನೆಯ ವಚನದಲ್ಲಿ ಆಣೆ ಇಡಬೇಡಿ, ಹೌದಿದ್ದರೆ ಹೌದು ಎನ್ನಿ, ಅಲ್ಲದಿದ್ದರೆ ಅಲ್ಲ ಎನ್ನಿ, ಅಷ್ಟು ಸಾಕು ಎಂಬ ಅರ್ಥದ ಮಾತು ಬರುತ್ತದೆ. ಯುರೋಪಿನ ಹೆಚ್ಚುಕಡಿಮೆ ಎಲ್ಲ ಭಾಷೆಗಳಿಗೂ ಈ ಸಾಲು ಅನುವಾದವಾಗಿದೆ. ಅನುವಾದಕನಿಗೆ ಇಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಕ್ರಿಯಾಪದವನ್ನು ಮರಳಿ ಕೊಡೋಣವೆಂದರೆ ಎದುರಿಗೆ ಪ್ರಶ್ನೆಯೇ ಇಲ್ಲ. ಬೆತ್ತಲೆ ‘ಹೌದು’ ಒಂದನ್ನೇ ಇಡಬೇಕು. ಗ್ರೀಕ್ ಮೂಲದಲ್ಲಿ ‘ನಾಯ್ ನಾಯ್, ಊ ಊ’ ಎಂದಿದೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರೋಮ್ ಪರಿಷ್ಕರಿಸಿದ ಲ್ಯಾಟಿನ್ ಪಾಠದಲ್ಲಿ ಅದು ‘ಎಸ್ಟ್, ಎಸ್ಟ್, ನೋನ್, ನೋನ್’ ಆಗಿದೆ. ‘ಎಸ್ಟ್’ ಎಂದರೆ ‘ಇದೆ’. ‘ಇದೆ, ಇದೆ, ಅಲ್ಲ, ಅಲ್ಲ’. ಪದವಿಲ್ಲದವನ ಪರದಾಟ ಕಣ್ಣಿಗೆ ಕಟ್ಟುತ್ತದೆ. ಅದೇ ಶತಮಾನದಲ್ಲಿ ಉಲ್ಫಿಲಾ ಎಂಬ ಬಿಷಪ್ ಬೈಬಲನ್ನು ಗಾಥಿಕ್ ಎಂಬ ಹಳೆಯ ಜರ್ಮಾನಿಕ್ ಭಾಷೆಗೆ ತಂದ. ನೇರಳೆ ಬಣ್ಣದ ಚರ್ಮಪತ್ರದ ಮೇಲೆ ಬೆಳ್ಳಿಯ ಶಾಯಿಯಲ್ಲಿ ಬರೆದ ಅದರ ಪ್ರತಿ ಸ್ವೀಡನ್ನಿನ ಉಪ್ಸಾಲಾದಲ್ಲಿದೆ. ಅದರಲ್ಲಿ ಈ ಸಾಲು ‘ಯಾ, ಯಾ, ನೆ, ನೆ’ ಎಂದು ಸಲೀಸಾಗಿ ಸಾಗುತ್ತದೆ. ಜರ್ಮನ್, ಡಚ್, ಸ್ವೀಡಿಷ್ ಜನ ಇಂದು ‘ಯಾ’ ಎನ್ನುವುದು ಈ ಪದವನ್ನೇ. ಅಂದರೆ ಸಾವಿರದ ಆರುನೂರು ವರ್ಷಗಳ ಹಿಂದೆಯೇ ಜರ್ಮಾನಿಕ್ ಮನೆತನದಲ್ಲಿ ‘ಹೌದು’ ಸಿದ್ಧವಿತ್ತು, ರೋಮಿನಲ್ಲಿ ಇರಲಿಲ್ಲ.

ಇನ್ನು ರೋಮಿನ ಹೆಣ್ಣುಮಕ್ಕಳ ಕಥೆ. ಇಟಲಿ, ಸ್ಪೇನ್, ಪೋರ್ಚುಗಲ್‌ನವರು ‘ಸೀಕ್’ ಅಂದರೆ ‘ಹೀಗೆ’ ಎಂಬುದನ್ನು ಆರಿಸಿಕೊಂಡರು. ಕೊನೆಯ ಕಕಾರ ಉದುರಿ ‘ಸೀ’ ಆಯಿತು. ಪೋರ್ಚುಗಲ್ಲಿನಲ್ಲಿ ಮೂಗು ಸೇರಿಕೊಂಡು ‘ಸಿಂ’ ಎಂಬಂತಾಯಿತು. ಹಿಂದಿನ ರೋಮನ್ ಗಾಲ್ ಪ್ರಾಂತದ, ಅಂದರೆ ಈಗಿನ ಫ್ರಾನ್ಸಿನ ಕಡೆಯ ಜನ ಮಾತ್ರ ‘ಹೋಕ್’ ಎಂಬ ಸರ್ವನಾಮವನ್ನು ಹಿಡಿದರು. ಅದರ ಅರ್ಥ ‘ಇದು’. ನೀನು ಹೇಳಿದೆಯಲ್ಲ, ಇದೇ, ಎಂಬ ಧಾಟಿ. ದಕ್ಷಿಣ ಫ್ರಾನ್ಸಿನಲ್ಲಿ ಅದು ‘ಓಕ್’ ಆಗಿ ಹಾಗೆಯೇ ಉಳಿಯಿತು.

ಉತ್ತರ ಫ್ರಾನ್ಸಿನಲ್ಲಿ ಆದದ್ದು ಇನ್ನೂ ಚೆನ್ನಾಗಿದೆ. ಅಲ್ಲಿ ‘ಹೋಕ್’ ಸವೆದು ಬರಿಯ ‘ಒ’ ಆಯಿತು. ಕ್ರಿ.ಶ. 842ರಲ್ಲಿ ಶಾರ್ಲಮೇನನ ಮೊಮ್ಮಕ್ಕಳು ಸ್ಟ್ರಾಸ್‌ಬರ್ಗ್‌ನಲ್ಲಿ ಮಾಡಿದ ಪ್ರತಿಜ್ಞೆಯನ್ನು ಫ್ರೆಂಚಿನ ಅತ್ಯಂತ ಹಳೆಯ ಬರಹವೆಂದು ಎಣಿಸುತ್ತಾರೆ. ಅದರಲ್ಲಿ ಈ ‘ಒ’ ಇನ್ನೂ ‘ಇದು’ ಎಂಬ ಅರ್ಥದಲ್ಲೇ ಕಾಣುತ್ತದೆ. ಇಷ್ಟು ಸಣ್ಣ ಸದ್ದಿಗೆ ಬಾಯಲ್ಲಿ ನಿಲ್ಲುವ ತ್ರಾಣ ಎಲ್ಲಿಂದ ಬರಬೇಕು? ಹಾಗಾಗಿ ಜನ ಅದಕ್ಕೊಂದು ಸರ್ವನಾಮವನ್ನು ಜೋಡಿಸಿದರು. ನನ್ನ ಬಗ್ಗೆ ಕೇಳಿದರೆ ‘ಒ ಜ’, ಅಂದರೆ ‘ಇದನ್ನು ನಾನು’. ನಿನ್ನ ಬಗ್ಗೆಯಾದರೆ ‘ಒ ತು’. ಅವನ ಬಗ್ಗೆಯಾದರೆ ‘ಒ ಇಲ್’. ‘ಅವನು ಬಂದನೇ?’ ‘ಇದನ್ನು ಅವನು’, ‘ಮಾಡಿದ’ ಎಂಬುದು ಒಳಗೇ ಅಡಗಿದೆ. ಹಳೆಯ ಫ್ರೆಂಚ್ ಕಾವ್ಯಗಳಲ್ಲಿ ಇವೆಲ್ಲ ರೂಪಗಳೂ ಸಿಗುತ್ತವೆ. ನಿಧಾನವಾಗಿ ‘ಒ ಇಲ್’ ಒಂದೇ ಉಳಿದು, ಕೇಳಿದ್ದು ನನ್ನ ಬಗ್ಗೆಯಾದರೂ ನಿನ್ನ ಬಗ್ಗೆಯಾದರೂ ‘ಒಯಿಲ್’ ಎನ್ನುವುದೇ ರೂಢಿಯಾಯಿತು. ಕೊನೆಯ ಲಕಾರವೂ ಬಿದ್ದಮೇಲೆ ನೀವು ತರಗತಿಯಲ್ಲಿ ಹೇಳುವ ‘ವೀ’ ಬಂತು. ಲ್ಯಾಟಿನ್ನಿನಲ್ಲಿ ‘ಅವನು’ ಎಂಬುದಕ್ಕೆ ‘ಇಲ್ಲೆ’ ಎನ್ನುತ್ತಾರೆ. ನಮ್ಮ ಕಿವಿಗೆ ‘ಇಲ್ಲ’ದಂತೆ ಕೇಳುವ ಈ ಪದ ಫ್ರೆಂಚರ ‘ಹೌದಿ’ನೊಳಗೆ ಅಡಗಿ ಕುಳಿತಿರುವುದು ಶುದ್ಧ ಕಾಕತಾಳೀಯ. ಆದರೂ ನನಗೆ ಪ್ರತಿ ಸಲ ನಗು ತರಿಸುತ್ತದೆ.

ಈ ಮೂರು ‘ಹೌದು’ಗಳನ್ನು ಹಿಡಿದು ಭಾಷೆಗಳನ್ನೇ ವಿಂಗಡಿಸಿದವನು ಇಟಲಿಯ ಮಹಾಕವಿ ದಾಂತೆ. ಸುಮಾರು 1303ರಿಂದ 1305ರ ನಡುವೆ ಅವನು ಜನರ ಆಡುನುಡಿಯ ಹಿರಿಮೆಯನ್ನು ಕುರಿತು ಒಂದು ಗ್ರಂಥ ಬರೆಯತೊಡಗಿದ, ಅದನ್ನು ಮುಗಿಸಲಿಲ್ಲ. ಆಡುನುಡಿಯ ಪರವಾದ ಆ ವಕಾಲತ್ತು ಇರುವುದು ಲ್ಯಾಟಿನ್ನಿನಲ್ಲಿ. ಪಂಡಿತರಿಗೆ ಅವರ ಭಾಷೆಯಲ್ಲೇ ಹೇಳಬೇಕಲ್ಲ! ದಕ್ಷಿಣ ಯುರೋಪಿನಲ್ಲಿ ಕೆಲವರು ‘ಓಕ್’ ಎನ್ನುತ್ತಾರೆ, ಕೆಲವರು ‘ಒಯಿಲ್’ ಎನ್ನುತ್ತಾರೆ, ಕೆಲವರು ‘ಸೀ’ ಎನ್ನುತ್ತಾರೆ. ಆದರೂ ಪ್ರೀತಿ, ಆಕಾಶ, ಭೂಮಿ ಮುಂತಾದ ಪದಗಳು ಮೂವರಲ್ಲೂ ಒಂದೇ, ಆದ್ದರಿಂದ ಮೂಲ ಒಂದೇ ಇರಬೇಕು ಎಂಬುದು ಅವನ ತರ್ಕ. ಏಳು ನೂರು ವರ್ಷಗಳ ನಂತರ ನೀವು ಕೇಳಿರುವುದು ಅವನು ಗಮನಿಸಿದ್ದನ್ನೇ. ಉತ್ತರದಲ್ಲಿ ಜರ್ಮನರು, ಇಂಗ್ಲಿಷರು, ಸ್ಲಾವ್ ಜನ, ಹಂಗೇರಿಯವರು ಎಲ್ಲರೂ ‘ಯೋ’ ಎನ್ನುತ್ತಾರೆ ಎಂದೂ ಬರೆದ. ಅಲ್ಲಿ ಎಡವಿದ. ಆಲ್ಪ್ಸ್ ದಾಟಿದ ಮೇಲಿನದೆಲ್ಲ ಅವನಿಗೆ ಒಂದೇ ಗದ್ದಲವಾಗಿ ಕೇಳಿಸಿರಬೇಕು. ತನ್ನ ಮಹಾಕಾವ್ಯದ ನರಕಭಾಗದಲ್ಲಿ ಅವನು ಇಟಲಿಯನ್ನು ‘ಸೀ ದನಿಗೊಡುವ ಚೆಲುವ ನಾಡು’ ಎಂಬರ್ಥದಲ್ಲಿ ಕರೆದಿದ್ದಾನೆ. ಓಕ್ ನುಡಿಯ ಮೇಲೂ ಅವನಿಗೆ ಮಮತೆಯಿತ್ತು. ಅದೇ ಕಾವ್ಯದ ಎರಡನೆಯ ಭಾಗದಲ್ಲಿ ಓಕ್ ನಾಡಿನ ಕವಿ ಅರ್ನೋ ದನಿಯೆಲ್ ಎದುರಾದಾಗ ಅವನ ಬಾಯಿಂದ ಎಂಟು ಸಾಲು ಓಕ್ ನುಡಿಯಲ್ಲೇ ಆಡಿಸಿದ್ದಾನೆ.

ಹೌದು ಎನ್ನುವ ರೀತಿಯಿಂದಲೇ ಒಂದು ನಾಡಿಗೆ ಹೆಸರು ಬಂದದ್ದೂ ಇಲ್ಲಿಯೇ. ದಕ್ಷಿಣ ಫ್ರಾನ್ಸಿನ ಲಾಂಗ್‌ದಾಕ್ ಪ್ರಾಂತದ ಹೆಸರಿನ ಅರ್ಥ ‘ಓಕ್ ನುಡಿ’. ಆ ಭಾಷೆಗೆ ಈಗಿನ ಹೆಸರಾದ ಆಕ್ಸಿಟನ್ ಎಂಬುದರಲ್ಲೂ ಅದೇ ಓಕ್ ಕುಳಿತಿದೆ. ಫ್ರಾನ್ಸ್ ತನ್ನ ಆಡಳಿತ ಪ್ರದೇಶಗಳನ್ನು 2016ರಲ್ಲಿ ಒಗ್ಗೂಡಿಸಿದಾಗ ಟುಲೂಸ್ ಸುತ್ತಲಿನ ಹೊಸ ಪ್ರದೇಶಕ್ಕೆ ಆಕ್ಸಿಟಾನಿ ಎಂದೇ ಹೆಸರಿಟ್ಟರು. ಹೆಸರು ಉಳಿಯಿತು, ನುಡಿ ಸೊರಗಿತು. ನ್ಯಾಯಾಲಯದ ದಾಖಲೆಗಳೆಲ್ಲ ಫ್ರೆಂಚಿನಲ್ಲೇ ಇರಬೇಕು ಎಂಬ 1539ರ ರಾಜಾಜ್ಞೆ, ನಾಡನುಡಿಗಳನ್ನು ಅಳಿಸಿಹಾಕಬೇಕೆಂದು ಕ್ರಾಂತಿಯ ಕಾಲದಲ್ಲಿ 1794ರಲ್ಲಿ ಮಂಡನೆಯಾದ ವರದಿ, ಆಮೇಲೆ ಶಾಲೆಗಳು ಒಂದರ ಹಿಂದೊಂದು ಬಂದವು. ಪ್ಯಾರಿಸ್ಸಿನ ‘ವೀ’ ದಕ್ಷಿಣದ ‘ಓಕ್’ ಅನ್ನು ಹೊಡೆದು ಹಾಕಿತು. 1904ರಲ್ಲಿ ಸಾಹಿತ್ಯದ ನೊಬೆಲ್ ಹಂಚಿಕೊಂಡ ಫ್ರೆಡೆರಿಕ್ ಮಿಸ್ತ್ರಾಲ್ ಕಾವ್ಯ ಬರೆದದ್ದು ಈ ಓಕ್ ನುಡಿಯ ಪ್ರೊವಾನ್ಸ್ ರೂಪದಲ್ಲಿ. ಇಂದು ಟುಲೂಸಿನ ಮೆಟ್ರೊದಲ್ಲಿ ನಿಲ್ದಾಣಗಳ ಹೆಸರನ್ನು ಫ್ರೆಂಚಿನ ಜೊತೆಗೆ ಆಕ್ಸಿಟನ್ನಿನಲ್ಲೂ ಕೂಗುತ್ತಾರೆ. ಸ್ಪೇನಿನ ಗಡಿಯೊಳಗಿರುವ ಆರಾನ್ ಎಂಬ ಕಣಿವೆಯಲ್ಲಾದರೋ ಅದಕ್ಕೆ ಅಧಿಕೃತ ಭಾಷೆಯ ಮಾನ್ಯತೆಯೇ ಇದೆ. ತನ್ನ ಹೆಸರಿನ ನಾಡಿನಲ್ಲಿ ಸಿಗದ ಮರ್ಯಾದೆ ಗಡಿಯಾಚೆ ಸಿಕ್ಕಿತು.

ರೊಮೇನಿಯಾದ ‘ದಾ’ ಎರವಲು. ಸುತ್ತ ಸ್ಲಾವ್ ಭಾಷೆಗಳ ನಡುವೆ ಶತಮಾನಗಳ ಕಾಲ ಬಾಳಿದ ಭಾಷೆ ಅದು. ಪ್ರೀತಿಸು, ಗೆಳೆಯ ಎಂಬ ಪದಗಳನ್ನೂ ಅದು ಸ್ಲಾವ್ ಮೂಲದಿಂದಲೇ ಪಡೆದಿದೆ. ಹೌದು ಎನ್ನುವುದನ್ನು ಸಾಲ ತರುತ್ತಾರೆಯೇ ಎಂದು ಕೇಳಬಹುದು. ಧಾರಾಳವಾಗಿ ತರುತ್ತಾರೆ. ಲ್ಯಾಟ್ವಿಯಾ, ಎಸ್ಟೋನಿಯಾದವರು ಜರ್ಮನ್ ಒಡೆಯರಿಂದ ‘ಯಾ’ ತಂದರು. ಮಾಲ್ಟಾ ದ್ವೀಪದವರು ಹೇಳುವ ‘ಈವಾ’ ಅರಬ್ಬರ ‘ಐವಾ’ದ ಬಳಗ. ಒಡೆಯರಿಗೆ ಹೌದು ಎನ್ನುವಾಗ ಒಡೆಯರ ಮಾತಿನಲ್ಲೇ ಎನ್ನುವುದು ಕ್ಷೇಮ ಎಂಬುದು ನನ್ನ ಊಹೆ, ಶಾಸ್ತ್ರವಲ್ಲ.

ಈಗ ಫ್ರೆಂಚರ ‘ಸೀ’. ಅದು ಇಟಾಲಿಯನ್ನಿನಿಂದ ಬಂದದ್ದಲ್ಲ. ಲ್ಯಾಟಿನ್ನಿನ ಅದೇ ‘ಸೀಕ್’ ಫ್ರಾನ್ಸಿನಲ್ಲೂ ಉಳಿದಿತ್ತು. ‘ವೀ’ ಮುಖ್ಯ ಗದ್ದುಗೆಯನ್ನು ಹಿಡಿದಾಗ ‘ಸೀ’ಗೆ ಒಂದು ವಿಶೇಷ ಕೆಲಸ ಸಿಕ್ಕಿತು. ಕೇಳಿದ ಪ್ರಶ್ನೆಯಲ್ಲೇ ‘ಇಲ್ಲ’ ಇದ್ದು, ಅದನ್ನು ಅಲ್ಲಗಳೆಯಬೇಕಾದಾಗ ‘ಸೀ’ ಬರುತ್ತದೆ. ‘ನೀನು ಬರುವುದಿಲ್ಲವೇ?’ ಎಂದು ಕೇಳಿದಾಗ ಬರುವವನು ‘ವೀ’ ಎಂದರೆ ಫ್ರೆಂಚರ ಕಿವಿಗೆ ಅದು ಅಡ್ಡಾದಿಡ್ಡಿ. ‘ಸೀ’ ಎನ್ನಬೇಕು, ಅಂದರೆ ‘ಬರುತ್ತೇನಲ್ಲ!’ ಎಂದು. ಬರದವನು ‘ನೋಂ’ ಎನ್ನುತ್ತಾನೆ. ಈ ವ್ಯವಸ್ಥೆ ಫ್ರೆಂಚರ ಸೊತ್ತೇನಲ್ಲ. ಜರ್ಮನ್ನರಿಗೆ ‘ಯಾ’ ಜೊತೆಗೆ ‘ದೋಖ್’ ಇದೆ, ಸ್ವೀಡನ್, ಡೆನ್ಮಾರ್ಕ್‌ನವರಿಗೆ ‘ಯಾ’ ಜೊತೆಗೆ ‘ಯೂ’ ಇದೆ, ಐಸ್‌ಲ್ಯಾಂಡಿನವರಿಗೆ ‘ಯೌ’ ಮತ್ತು ‘ಯೂ’. ಜರ್ಮನಿಯಲ್ಲಿರುವ ನಮ್ಮವರು ಕೊನೆಗೆ ಕಲಿಯುವ ಪದ ಈ ‘ದೋಖ್’. ವ್ಯಾಕರಣದಲ್ಲಿ ಅರ್ಥವಾಗಿರುತ್ತದೆ, ಆದರೆ ಬಾಯಿಗೆ ಬರುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ.

ಇಂಗ್ಲಿಷಿನಲ್ಲೂ ಈ ಭೇದ ಇತ್ತು, ಅದೂ ದುಪ್ಪಟ್ಟಾಗಿ. ‘ಯೇ’, ‘ನೇ’ ಎಂಬ ಜೋಡಿ ಸರಳ ಪ್ರಶ್ನೆಗೆ. ‘ಯೆಸ್’, ‘ನೋ’ ಎಂಬ ಜೋಡಿ ಪ್ರಶ್ನೆಯೊಳಗೆ ನಿಷೇಧವಿದ್ದಾಗ. ‘ಅವನು ಬರುತ್ತಾನೆಯೇ?’ ಎಂದರೆ ‘ಯೇ’ ಅಥವಾ ‘ನೇ’. ‘ಅವನು ಬರುವುದಿಲ್ಲವೇ?’ ಎಂದರೆ ‘ಯೆಸ್’ ಅಥವಾ ‘ನೋ’. ‘ಯೆಸ್’ ಎಂಬುದು ಹುಟ್ಟಿನಿಂದಲೇ ಜೋಡುಪದ. ಹಳೆಯ ಇಂಗ್ಲಿಷಿನ ‘ಯೇ’ಗೆ ‘ಹಾಗಾಗಲಿ’ ಎಂಬರ್ಥದ ಒಂದು ಕ್ರಿಯಾರೂಪ ಸೇರಿ ಆದದ್ದು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ‘ನೇ’ ಎಂಬುದು ಸ್ಕ್ಯಾಂಡಿನೇವಿಯಾದಿಂದ ಹಡಗಿನಲ್ಲಿ ಬಂದ ದಾಳಿಕಾರರ ಕೊಡುಗೆ.

ಈ ನಾಲ್ಕು ಪದಗಳ ಕುರಿತು ನಡೆದ ಒಂದು ಜಗಳವನ್ನು ಹೇಳದೆ ಮುಂದೆ ಹೋಗಲಾರೆ. ವಿಲಿಯಂ ಟಿಂಡೇಲ್ 1526ರಲ್ಲಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದು ಜರ್ಮನಿಯಲ್ಲಿ ಅಚ್ಚು ಹಾಕಿಸಿದ. ಇಂಗ್ಲೆಂಡಿಗೆ ಅದು ಕದ್ದು ಬರುವ ಸರಕು. ರಾಜನ ಚಾನ್ಸಲರ್ ಆಗಿದ್ದ ಥಾಮಸ್ ಮೋರ್ ಅದನ್ನು ಖಂಡಿಸಲು ದಪ್ಪ ದಪ್ಪ ಸಂಪುಟಗಳನ್ನೇ ಬರೆದ. ಚರ್ಚು, ಪಾದ್ರಿ, ಪಶ್ಚಾತ್ತಾಪ ಮುಂತಾದ ಭಾರಿ ಪದಗಳ ಮೇಲಿನ ಜಟಾಪಟಿಯ ನಡುವೆ, 1532ರಲ್ಲಿ, ಇದು ಸಣ್ಣ ವಿಷಯ ಎನ್ನುತ್ತಲೇ ಮೋರ್ ಒಂದು ತಪ್ಪು ಹಿಡಿದ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಸ್ನಾನಿಕ ಯೋಹಾನನನ್ನು ‘ನೀನು ಪ್ರವಾದಿಯೋ?’ ಎಂದು ಕೇಳುತ್ತಾರೆ. ಟಿಂಡೇಲ್ ಅವನಿಂದ ‘ನೋ’ ಎನ್ನಿಸಿದ್ದ. ಪ್ರಶ್ನೆಯಲ್ಲಿ ನಿಷೇಧವಿಲ್ಲ, ಹಾಗಾಗಿ ‘ನೇ’ ಎನ್ನಬೇಕಿತ್ತು. ನೇ ಮತ್ತು ನೋ ಭೇದ ತಿಳಿಯದವನು ದೇವರ ವಾಕ್ಯವನ್ನು ಹೇಗೆ ಅನುವಾದಿಸಿಯಾನು ಎಂಬುದು ಮೋರನ ಕುಟುಕು. ಉದಾಹರಣೆಯನ್ನಂತೂ ಚುಚ್ಚುವಂತೆ ಆರಿಸಿಕೊಂಡ. ‘ಧರ್ಮದ್ರೋಹಿಯೊಬ್ಬ ಬೈಬಲನ್ನು ಇಂಗ್ಲಿಷಿಗೆ ತರಲು ಯೋಗ್ಯನೇ?’ ಎಂದು ಟಿಂಡೇಲನನ್ನೇ ಕೇಳಿದರೆ ಶುದ್ಧ ಇಂಗ್ಲಿಷಿನಲ್ಲಿ ಅವನು ‘ನೇ’ ಎನ್ನಬೇಕು, ‘ನೋ’ ಎನ್ನಬಾರದು ಎಂದು ಬರೆದ. ತಮಾಷೆಯೆಂದರೆ, ಉದಾಹರಣೆಗೆ ಮುಂಚೆ ನಿಯಮವನ್ನು ವಿವರಿಸುವ ಸಾಲಿನಲ್ಲಿ ಮೋರನ ಬರಹವೇ ನೇ ಎಲ್ಲಿ, ನೋ ಎಲ್ಲಿ ಎಂಬುದನ್ನು ಅದಲುಬದಲು ಮಾಡಿತ್ತು! ನಿಯಮ ಹೇಳುವವನಿಗೇ ತೊಡಕಾಗುತ್ತಿತ್ತೆಂದರೆ ಆ ಭೇದದ ಆಯುಸ್ಸು ಮುಗಿಯುತ್ತ ಬಂದಿತ್ತು ಎಂದೇ ಅರ್ಥ. ನಮ್ಮ ಪರೀಕ್ಷೆಯ ಮತ್ತಾಯನ ವಚನದಲ್ಲಿ ಟಿಂಡೇಲ್ ‘ಯೇ, ಯೇ, ನೇ, ನೇ’ ಎಂದೇ ಬರೆದಿದ್ದಾನೆ ಎಂಬುದನ್ನೂ ಅವನ ಪರವಾಗಿ ಹೇಳಬೇಕು. 1535ರ ಜುಲೈನಲ್ಲಿ ಮೋರನ ತಲೆ ರಾಜಾಜ್ಞೆಯಿಂದ ಉರುಳಿತು. ಮರುವರ್ಷ ಬ್ರಸೆಲ್ಸ್ ಹತ್ತಿರದ ವಿಲ್ವೋರ್ಡ್‌ನಲ್ಲಿ ಟಿಂಡೇಲನ ಕುತ್ತಿಗೆ ಬಿಗಿದು ದೇಹವನ್ನು ಸುಟ್ಟರು. ಆಮೇಲೆ ಹೆಚ್ಚು ಕಾಲ ಕಳೆಯುವ ಮೊದಲೇ ಇಂಗ್ಲಿಷು ‘ಯೇ’, ‘ನೇ’ಗಳನ್ನು ಕೈಬಿಟ್ಟಿತು. ಹೀಗಾಗಿ ನಾವೆಲ್ಲ ಶಾಲೆಯಲ್ಲಿ ಕಲಿತ ‘ಯೆಸ್’ ಮೂಲತಃ ಬರಿಯ ಒಪ್ಪಿಗೆಯಲ್ಲ, ಎದುರಾಡುವ ‘ದೋಖ್’ನ ಜಾತಿಯದು. ‘ಯೆಸ್ ಸರ್’ ಎನ್ನುವ ಗುಮಾಸ್ತನಿಗೆ ಇದು ತಿಳಿದಿಲ್ಲ, ಸಾಹೇಬನಿಗೂ ತಿಳಿದಿಲ್ಲ.

ಇಂಗ್ಲಿಷಿನ ಮೂರನೆಯ ‘ಹೌದು’ ಒಂದಿದೆ, ‘ಆಯ್’. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ದಿಢೀರನೆ ಕಾಣಿಸಿಕೊಂಡ ಇದರ ಮೂಲದ ಬಗ್ಗೆ ಒಮ್ಮತವಿಲ್ಲ. ‘ನಾನು’ ಎಂಬರ್ಥದ ಪದವೇ ಒಪ್ಪಿಗೆಯಾಯಿತು ಎನ್ನುವವರಿದ್ದಾರೆ. ಹಳೆಯ ಫ್ರೆಂಚಿನ ‘ಒ ಜ’ ನೆನಪಿದ್ದರೆ ಅದು ತೀರ ಅಸಂಭವ ಎನಿಸುವುದಿಲ್ಲ. ಸ್ಕಾಟ್ಲೆಂಡಿನಲ್ಲಿ, ಹಡಗುಗಳಲ್ಲಿ, ಬ್ರಿಟಿಷ್ ಸಂಸತ್ತಿನಲ್ಲಿ ಅದು ಉಳಿದಿದೆ. ನಮ್ಮ ಲೋಕಸಭೆಯಲ್ಲಿ ಧ್ವನಿಮತಕ್ಕೆ ಹಾಕಿದಾಗ ಸಭಾಧ್ಯಕ್ಷರು ‘ಆಯ್ಸ್’ ಗೆದ್ದರು ಎಂದು ಘೋಷಿಸುವುದು ವೆಸ್ಟ್‌ಮಿನ್‌ಸ್ಟರಿನಿಂದ ಬಂದ ಇದೇ ಬಳುವಳಿ.

ಲ್ಯಾಟಿನ್ನಿನ ಹಾಗೆ ಪದವಿಲ್ಲದೆ ಇಂದಿಗೂ ಸಂಸಾರ ನಡೆಸುತ್ತಿರುವ ಭಾಷೆಗಳು ಯುರೋಪಿನ ಅಂಚಿನಲ್ಲಿವೆ. ಐರಿಷ್ ಅವುಗಳಲ್ಲಿ ಒಂದು. ಅಲ್ಲಿ ಕ್ರಿಯಾಪದವೇ ಉತ್ತರ. ಹಾಗಾದರೆ ಜನಮತಗಣನೆಯ ಮತಪತ್ರದಲ್ಲಿ ಏನು ಅಚ್ಚು ಹಾಕುತ್ತಾರೆ? ‘ತಾ’ ಮತ್ತು ‘ನೀಲ್’, ಅಂದರೆ ‘ಇದೆ’ ಮತ್ತು ‘ಇಲ್ಲ’. ಜೆರೋಮನ ‘ಎಸ್ಟ್, ನೋನ್’ ಅನ್ನೇ ಚುನಾವಣಾ ಅಧಿಕಾರಿಗಳು ಮರಳಿ ಕಂಡುಹಿಡಿದಂತಾಯಿತು. ಐರ್ಲೆಂಡಿನವರು ಇಂಗ್ಲಿಷ್ ಮಾತಾಡುವಾಗಲೂ ಬರಿಯ ‘ಯೆಸ್’ ಬಿಟ್ಟು ‘ಬರುತ್ತೇನೆ’, ‘ಮಾಡಿದೆ’ ಎಂಬ ಧಾಟಿಯಲ್ಲಿ ಉತ್ತರಿಸುವುದು ಈ ಹಳೆಯ ಅಭ್ಯಾಸದಿಂದ. ವೆಲ್ಷ್ ಭಾಷೆಯಲ್ಲಿ ಪ್ರಶ್ನೆ ‘ಇದೆಯೇ’ ಎಂದರೆ ‘ಓಯ್ಸ್’, ಭೂತಕಾಲದ್ದಾದರೆ ‘ದೋ’, ನಾಮಪದದ ಮೇಲೆ ಒತ್ತಿದ್ದರೆ ‘ಯೇ’, ಹೀಗೆ ಸಂದರ್ಭಕ್ಕೊಂದು. ಹೊರಗಿನಿಂದ ಕಲಿಯುವವರ ತಲೆ ಚಿಟ್ಟು ಹಿಡಿಯುತ್ತದೆ.

ಫಿನ್ನಿಷ್ ನಮಗೆ ಇನ್ನೂ ಹತ್ತಿರದ್ದಾಗಿ ಕಾಣುತ್ತದೆ. ‘ತುಲೆತ್ಕೊ?’ ಎಂದರೆ ‘ಬರುತ್ತೀಯಾ?’, ಉತ್ತರ ‘ತುಲೆನ್’, ‘ಬರುತ್ತೇನೆ’. ಪ್ರಶ್ನೆಯ ಗುರುತೂ ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ನಿಷೇಧವೇ ಒಂದು ಕ್ರಿಯಾಪದ: ನಾನು ಇಲ್ಲವೆಂದರೆ ‘ಎನ್’, ನೀನಾದರೆ ‘ಎತ್’, ಅವನಾದರೆ ‘ಎಯ್’. ಅವರ ಹಳೆಯ ಬೈಬಲಿನಲ್ಲಿ ಮತ್ತಾಯನ ವಚನ ‘ಓನ್, ಓನ್’ ಎಂದೇ ಇದೆ, ಮತ್ತೆ ಅದೇ ‘ಇದೆ, ಇದೆ’. ಈ ಹೋಲಿಕೆ ನೋಡಿ ದ್ರಾವಿಡಕ್ಕೂ ಫಿನ್ನಿಷಿಗೂ ರಕ್ತಸಂಬಂಧ ಕಟ್ಟಲು ಹೊರಡುವವರು ಆಗಾಗ ಸಿಗುತ್ತಾರೆ. ದಯವಿಟ್ಟು ಬೇಡ. ಒಂದೇ ಬಗೆಯ ತೊಡಕಿಗೆ ಒಂದೇ ಬಗೆಯ ಪರಿಹಾರ ಬೇರೆ ಬೇರೆ ಕಡೆ ಹೊಳೆಯಬಹುದು. ಹಂಗೇರಿಯವರದು ಮತ್ತೊಂದು ಚಮತ್ಕಾರ. ಅವರಿಗೆ ‘ಇಗೆನ್’ ಎಂಬ ಪದವಿದ್ದರೂ, ‘ಮೆಗ್’ ಎಂಬ ಉಪಸರ್ಗ ಹತ್ತಿದ ಕ್ರಿಯಾಪದದಿಂದ ‘ತಿಂದು ಮುಗಿಸಿದೆಯಾ?’ ಎಂದು ಕೇಳಿದರೆ ಆ ಉಪಸರ್ಗವನ್ನಷ್ಟೇ ಕಿತ್ತು ‘ಮೆಗ್’ ಎನ್ನುತ್ತಾರೆ. 1590ರ ಅವರ ಪ್ರಸಿದ್ಧ ಬೈಬಲ್ ಅನುವಾದದಲ್ಲಿ ನಮ್ಮ ವಚನಕ್ಕೆ ‘ಇಗೆನ್’ ಬಳಸಿಲ್ಲ, ‘ಉಜ್, ಉಜ್’ ಎಂದಿದೆ. ಅರ್ಥ: ‘ಹಾಗೆ, ಹಾಗೆ’.

ಪದವೇ ಬೇಡ, ಉಸಿರು ಸಾಕು ಎನ್ನುವವರೂ ಇದ್ದಾರೆ. ಸ್ವೀಡನ್ನಿನ ಉತ್ತರದಲ್ಲಿ, ಊಮಿಯೊ ಕಡೆ, ತುಟಿ ಮುಂದೆ ಮಾಡಿ ಗಾಳಿಯನ್ನು ಸರಕ್ಕನೆ ಒಳಗೆಳೆದರೆ ಅದೇ ಹೌದು. ಮೊದಲ ಸಲ ಕೇಳಿದವರಿಗೆ ಎದುರಿನವರು ಬೆಚ್ಚಿಬಿದ್ದಂತೆ ಅನಿಸುತ್ತದೆ. ನಾರ್ವೆಯಲ್ಲೂ ‘ಯಾ’ವನ್ನು ಉಸಿರು ಒಳಗೆಳೆದುಕೊಳ್ಳುತ್ತ ಹೇಳುವುದು ಸಾಮಾನ್ಯ.

ಸ್ಲಾವ್ ಭಾಷೆಗಳ ಮೇಲೆ ಬೇಗ ಕಣ್ಣಾಡಿಸಿಬಿಡುತ್ತೇನೆ. ರಷ್ಯನ್, ಸರ್ಬಿಯನ್, ಬಲ್ಗೇರಿಯನ್ನರಿಗೆ ‘ದಾ’. ಪೋಲೆಂಡ್, ಉಕ್ರೇನ್, ಬೆಲಾರುಸ್‌ನವರಿಗೆ ‘ತಾಕ್’, ಅಂದರೆ ‘ಹಾಗೆ’. ಲಿಥುವೇನಿಯಾದ ‘ತೈಪ್’ ಕೂಡ ‘ಹಾಗೆ’ಯೇ. ಹಳೆಯ ಚರ್ಚ್ ಸ್ಲಾವೊನಿಕ್‌ನಲ್ಲಿ ಮತ್ತಾಯನ ವಚನ ‘ಯೇಯ್, ಯೇಯ್, ನೀ, ನೀ’ ಎಂದಿದೆ. ಚೆಕ್ ಭಾಷೆಯಲ್ಲಿ ‘ಆನೊ’, ಸಲಿಗೆಯ ಮಾತಿನಲ್ಲಿ ಅದು ಮೊಟಕಾಗಿ ‘ನೊ’. ಪ್ರಾಗ್‌ಗೆ ಹೋದ ಇಂಗ್ಲಿಷ್ ಬಲ್ಲವರು ‘ನೊ, ನೊ’ ಎಂದು ತಲೆಯಾಡಿಸಿ ಒಪ್ಪುವವರನ್ನು ಕಂಡು ಕಕ್ಕಾಬಿಕ್ಕಿಯಾಗುತ್ತಾರೆ. ರಷ್ಯನ್ನರು ‘ದಾ ನ್ಯೆತ್’ ಎಂದು ಹೌದು, ಇಲ್ಲ ಎರಡನ್ನೂ ಒಟ್ಟಿಗೆ ಹೇಳುತ್ತಾರೆ. ಅದರ ಅರ್ಥ ಬಹುತೇಕ ‘ಇಲ್ಲ’ವೇ, ಮುಂದಿನ ‘ದಾ’ ಕೇವಲ ಒತ್ತು.

ಇಷ್ಟು ಹೊತ್ತಿಗೆ ಒಂದು ವಿಷಯ ನಿಮ್ಮ ಗಮನಕ್ಕೆ ಬಂದಿರಬೇಕು. ಸೀಕ್, ಹೋಕ್, ತಾಕ್, ತೈಪ್, ಉಜ್ ಎಲ್ಲವೂ ‘ಇದು’, ‘ಹೀಗೆ’, ‘ಹಾಗೆ’ ಎಂದು ಬೊಟ್ಟು ಮಾಡುವ ಪದಗಳು. ಎಸ್ಟ್, ತಾ, ಓನ್ ಎಂಬವು ‘ಇದೆ’. ನಮ್ಮ ‘ಹೌದು’ ಈ ಎರಡನೆಯ ಗುಂಪಿನ ನೆರೆಯದು. ಹಳಗನ್ನಡದಲ್ಲಿ ‘ಅಪ್ಪುದು’, ನಡುಗನ್ನಡದಲ್ಲಿ ‘ಅಹುದು’, ಈಗ ‘ಹೌದು’, ಮೂಲದಲ್ಲಿ ‘ಆಗು’ ಧಾತು. ಹುಟ್ಟಿನಿಂದಲೇ ‘ಹೌದು’ ಆಗಿದ್ದ ಪದ ಸಿಗುವುದು ಕಷ್ಟ.

‘ಇಲ್ಲ’ದ ಕಥೆ ಇದಕ್ಕೆ ನೇರ ವಿರುದ್ಧ, ಮತ್ತು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ನಿಷೇಧಕ್ಕೆ ಸಂಸ್ಕೃತವೂ ಯುರೋಪಿನ ಬಹುಪಾಲು ಭಾಷೆಗಳೂ ಸೇರಿದ ಇಂಡೋ-ಯುರೋಪಿಯನ್ ಮನೆತನದಲ್ಲಿ ‘ನೆ’ ಎಂಬ ಒಂದೇ ಪುರಾತನ ಪದವಿದೆ, ಹೆಚ್ಚುಕಡಿಮೆ ಎಲ್ಲರೂ ಅದನ್ನೇ ಹಂಚಿಕೊಂಡಿದ್ದಾರೆ. ಸಂಸ್ಕೃತದ ‘ನ’, ಐರಿಷಿನ ‘ನೀ’, ಸ್ಲಾವ್ ಭಾಷೆಗಳ ‘ನೆ’ ಎಲ್ಲ ಅದೇ. ಲ್ಯಾಟಿನ್ನಿನ ‘ನೋನ್’, ಜರ್ಮನ್ನಿನ ‘ನೈನ್’ ಎರಡೂ ‘ಒಂದೂ ಅಲ್ಲ’ ಎಂಬ ಜೋಡಣೆಯಿಂದ ಬಂದವು; ಇಂಗ್ಲಿಷಿನ ‘ನೋ’ ‘ಎಂದಿಗೂ ಅಲ್ಲ’ ಎಂಬುದರಿಂದ. ರಷ್ಯನ್ನಿನ ‘ನ್ಯೆತ್’ ‘ಇಲ್ಲಿ ಇಲ್ಲ’ ಎಂಬರ್ಥದ ಮಾತು ಕುಗ್ಗಿ ಆದದ್ದು; ‘ನ’ ಮತ್ತು ‘ಅಸ್ತಿ’ ಸೇರಿ ಆದ ನಮ್ಮ ‘ನಾಸ್ತಿ’ಯ ಹತ್ತಿರದ ನೆಂಟ. ಈ ಕುಟುಂಬದಲ್ಲಿ ಪಂಕ್ತಿ ಬಿಟ್ಟು ಎದ್ದವನು ಗ್ರೀಕ. ಅವನ ಸಾಮಾನ್ಯ ನಿಷೇಧ ‘ಊ’, ಈಗ ‘ಓಹಿ’. ನೀವು ಕೇಳಿದ ‘ನೆ’ ಹಿಂದೆ ‘ನಾಯ್’ ಎಂದು ಉಚ್ಚಾರವಾಗುತ್ತಿತ್ತು. ‘ಝೀಯಸ್ ಆಣೆಗೂ ನಿಜ’ ಎಂದು ಆಣೆ ಇಡುವಾಗ ಬಳಸುತ್ತಿದ್ದ ಒತ್ತುಪದ ಅದು. ಮುಂದೆ ಗ್ರೀಕರ ನಾಲಿಗೆಯಲ್ಲಿ ‘ಆಯ್’ ಎಂಬ ಸಂಧ್ಯಕ್ಷರ ‘ಎ’ ಆಗಿ ಬದಲಾದದ್ದರಿಂದ ‘ನೆ’ ಆಯಿತು. ಆದ್ದರಿಂದ ಸಂಸ್ಕೃತದ ‘ನ’ಕಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಅರ್ಥ ತಲೆಕೆಳಗಾಗಿಲ್ಲ, ಎರಡು ಬೇರೆ ಬೇರೆ ಪದಗಳು ಕಾಲಕ್ರಮದಲ್ಲಿ ಒಂದೇ ವೇಷ ತೊಟ್ಟಿವೆ. ಆಣೆ ಇಡಬೇಡಿ, ಬರಿದೆ ‘ನಾಯ್’ ಎನ್ನಿ ಎಂಬ ಸುವಾರ್ತೆಯ ಸಾಲಿನಲ್ಲಿ ಆಣೆಯ ಪದವೇ ಕುಳಿತಿರುವುದು ಗ್ರೀಕ್ ಬಲ್ಲವರಿಗೆ ಸಿಗುವ ಸಣ್ಣ ಚೇಷ್ಟೆ.

ಫಲವಾಗಿ ಬಲ್ಗೇರಿಯಾ ಮತ್ತು ಗ್ರೀಸ್ ಗಡಿಯ ಈಚೆ ‘ನೆ’ ಎಂದರೆ ಇಲ್ಲ, ಆಚೆ ‘ನೆ’ ಎಂದರೆ ಹೌದು. ಸಾಲದ್ದಕ್ಕೆ ಬಲ್ಗೇರಿಯಾದವರು ಒಪ್ಪಿಗೆಗೆ ತಲೆಯನ್ನು ಅಡ್ಡಡ್ಡ ಅಲ್ಲಾಡಿಸುತ್ತಾರೆ. ಅದಕ್ಕೆ ನಾವು ತಬ್ಬಿಬ್ಬಾಗಬೇಕಿಲ್ಲ, ನಮ್ಮ ತಲೆಯಾಡಿಕೆಯೂ ಹೊರಗಿನವರಿಗೆ ಒಗಟೇ. ಗ್ರೀಕರು ಇಲ್ಲ ಎನ್ನಲು ಗಲ್ಲವನ್ನೋ ಹುಬ್ಬನ್ನೋ ಒಮ್ಮೆ ಮೇಲಕ್ಕೆತ್ತಿ ನಾಲಿಗೆಯಲ್ಲಿ ‘ತ್ಚ್’ ಎಂದು ಸದ್ದು ಮಾಡುವುದುಂಟು. ಅರೆಗಣ್ಣಿನಲ್ಲಿ ನೋಡಿದವರು ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತಾರೆ. ಸಾಲದಾತರ ಷರತ್ತುಗಳ ಬಗ್ಗೆ 2015ರ ಜುಲೈ 5ರಂದು ಗ್ರೀಸಿನಲ್ಲಿ ಜನಮತಗಣನೆ ನಡೆದಾಗ ಹೊರದೇಶದ ಓದುಗರಲ್ಲಿ ಅನೇಕರು ಬೀದಿಯ ಫಲಕಗಳಲ್ಲಿ ‘ನೆ’ ಕಂಡು ಅದೇ ವಿರೋಧದ ಕೂಗು ಎಂದುಕೊಂಡಿದ್ದರೆ ತಪ್ಪಿಲ್ಲ. ಮತಪತ್ರದಲ್ಲಿ ‘ಓಹಿ’ಯನ್ನು ಮೇಲೆಯೂ ‘ನೆ’ಯನ್ನು ಅದರ ಕೆಳಗೂ ಅಚ್ಚು ಹಾಕಿದ್ದರು. ಶೇಕಡಾ 61ಕ್ಕೂ ಹೆಚ್ಚು ಮತ ಬಿದ್ದದ್ದು ‘ಓಹಿ’ಗೆ.